ತರುಣರ ಕಣ್ಣಿಗೂ ಬಯಲ ಬೆಳಕು ಬೇಕು

ನೆರಳಿನಲ್ಲಿಟ್ಟ ಸಸಿ ಬೆಳಕನ್ನರಸುತ್ತ ನೀಳವಾಗಿ, ಸಣಕಲಾಗಿ ಬೆಳೆಯುವುದನ್ನು ರೈತ ಬಾಂಧವರೆಲ್ಲರೂ ಬಲ್ಲರು. ಮನುಷ್ಯನ ಕಣ್ಣಿನಲ್ಲಿಯೂ ಹೆಚ್ಚು ಕಡಿಮೆ ಇಂತಹುದೇ ಒಂದು ಸಂಗತಿ ನಡೆಯುವುದುಂಟು.

ದೊಡ್ಡವರ ಕಣ್ಣುಗುಡ್ಡೆಯು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಅದು ಬೇಕಾದುದಕ್ಕಿಂತ ಉದ್ದವಾಗಿ ಬೆಳೆದರೆ, ದೂರದ ವಸ್ತುವಿನ ಬಿಂಬವು ಹಿಂಭಾಗದ ಅಕ್ಷಿಪಟದ ಮೇಲೆ ಬೀಳದೆ, ಅದರ ಮುಂದೆಯೇ ಮೂಡುತ್ತದೆ. ಆಗ ಕೈಯಲ್ಲಿಯ ಪುಸ್ತಕ ಸ್ಪಷ್ಟವಾಗಿ ಕಾಣುವುದು. ದೂರದ ಬಸ್ಸಿನ ಹಲಗೆ ಮಸುಕಾಗುವುದು. ಇದೇ ಸಮೀಪದೃಷ್ಟಿ. ಒಂದು ಮಿಲಿಮೀಟರ್ ಹೆಚ್ಚಾದರೂ ಸುಮಾರು ಎರಡೂವರೆ ನಂಬರಿನ ಕನ್ನಡಕ ಬೇಕಾಗುತ್ತದೆ. ಹೀಗೆ ಉದ್ದವಾದ ಕಣ್ಣು ಮತ್ತೆ ಮೊದಲಿನಂತಾಗದು.

ಬೆಳಕಿಗೂ ಇದಕ್ಕೂ ಏನು ಸಂಬಂಧ? ಪ್ರಖರವಾದ ಬೆಳಕು ಬಿದ್ದಾಗ ಅಕ್ಷಿಪಟದಲ್ಲಿ ಡೋಪಮೈನ್ ಎಂಬ ರಸ ಹೆಚ್ಚು ಸ್ರವಿಸುವುದೆಂದೂ, ಅದು ಕಣ್ಣಿನ ಅತಿ ಬೆಳವಣಿಗೆಯನ್ನು ತಡೆಯುವುದೆಂದೂ ವಿಜ್ಞಾನಿಗಳು ಭಾವಿಸಿದ್ದಾರೆ. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ದೀಪ ಹಚ್ಚಿದ ಕೋಣೆಯಲ್ಲಿ 100ರಿಂದ 500 ಲಕ್ಸ್ ಇದ್ದರೆ, ಬಯಲಿನ ಮರದ ನೆರಳಿನಲ್ಲಿಯೇ ಹಲವು ಸಾವಿರ ಲಕ್ಸ್ ಇರುತ್ತದೆ. ನಡು ಹಗಲಿನ ಬಿಸಿಲಿನಲ್ಲಿ ಅದು ಒಂದು ಲಕ್ಷಕ್ಕೂ ಏರಬಹುದು.

ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳಲ್ಲಿ ಉಳಿದ ಶಾಲೆಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದರೆ, ಹೊರಗೆ ಆಡಿದವರಲ್ಲಿ ಸುಮಾರು 30 ಮಂದಿಗೆ ಬಂದಿತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಇದು ಮಕ್ಕಳ ಮಾತಾಯಿತು. ತರುಣರ ಗತಿಯೇನು? ಆಸ್ಟ್ರೇಲಿಯದ ಪರ್ತ್ ನಗರದಲ್ಲಿ 20 ವರ್ಷದ ಆಸುಪಾಸಿನ ತರುಣ ತರುಣಿಯರ ಕಣ್ಣಿನ ಬಿಳಿಭಾಗದ ಮೇಲೆ ಬಿಸಿಲು ಉಳಿಸಿದ ಗುರುತನ್ನು ವಿಶೇಷ ಛಾಯಾಚಿತ್ರದಿಂದ ಅಳೆದರು. 2014ರಲ್ಲಿ ಹೊರಬಂದ ವರದಿಯಂತೆ, ಬಿಸಿಲಿನ ಗುರುತು ಅತಿ ಕಡಿಮೆಯಿದ್ದವರಲ್ಲಿ ನೂರಕ್ಕೆ ಸುಮಾರು 33 ಮಂದಿಗೆ ಸಮೀಪದೃಷ್ಟಿಯಿದ್ದರೆ, ಅತಿ ಹೆಚ್ಚಿದ್ದವರಲ್ಲಿ ಸುಮಾರು 16 ಮಂದಿಗೆ ಮಾತ್ರ ಇತ್ತು. ಅದೇ ಗುಂಪಿನವರನ್ನು 28ನೆಯ ವಯಸ್ಸಿನಲ್ಲಿ ಮತ್ತೆ ನೋಡಿದಾಗ, ಮೊದಲು ಸಮೀಪದೃಷ್ಟಿಯಿಲ್ಲದಿದ್ದವರಲ್ಲಿ ಏಳರಲ್ಲಿ ಒಬ್ಬರಿಗೆ ಅದು ಹೊಸದಾಗಿ ಬಂದಿತ್ತು. ಇಪ್ಪತ್ತು ದಾಟಿದರೆ ಕಣ್ಣಿನ ಭಯ ಮುಗಿಯಿತೆಂಬುದು ಸರಿಯಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ತರುಣರ ವಿಷಯದಲ್ಲಿ ದೊರೆತಿರುವುದು ಸಂಬಂಧದ ಸೂಚನೆಯೇ ಹೊರತು, ಮಕ್ಕಳಲ್ಲಿ ದೊರೆತಂತಹ ಪರೀಕ್ಷೆಯ ರುಜುವಾತಲ್ಲ.

ಹೊಲದಲ್ಲಿ ಬೆಳೆದ ನಮ್ಮ ಹುಡುಗ ಹುಡುಗಿಯರು ಓದಿಗೆಂದು ಪಟ್ಟಣದ ಹಾಸ್ಟೆಲು ಸೇರಿ, ಹಗಲು ಕೋಣೆಯಲ್ಲಿ, ರಾತ್ರಿ ಮೊಬೈಲಿನಲ್ಲಿ ಕಾಲ ಕಳೆಯುತ್ತಾರೆ. ಸೈನ್ಯ, ಪೊಲೀಸು, ರೈಲ್ವೆಯ ಹಲವು ಕೆಲಸಗಳಿಗೆ ದೃಷ್ಟಿಪರೀಕ್ಷೆಯುಂಟು. ವರ್ಷಗಟ್ಟಲೆ ಓಟ ಅಭ್ಯಾಸ ಮಾಡಿದವರು ಕಣ್ಣಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಮನೆಯವರ ಆಸೆಯೂ ಅಲ್ಲಿಗೇ ನಿಲ್ಲುತ್ತದೆ.

ಆದುದರಿಂದ ಓದುವ ಮಕ್ಕಳು ದಿನಕ್ಕೆ ಎರಡು ಗಂಟೆಯಾದರೂ ಹಗಲಿನ ಬೆಳಕಿನಲ್ಲಿರಲಿ. ತರುಣರಿಗೂ ಇದೇ ರೂಢಿ ಒಳ್ಳೆಯದು. ಸುಡುಬಿಸಿಲು ಬೇಡ, ಬೆಳಗ್ಗೆ, ಸಂಜೆ, ಮರದ ನೆರಳು ಸಾಕು. ತಲೆಗೆ ಟೋಪಿಯಿರಲಿ, ಏಕೆಂದರೆ ಅತಿ ಬಿಸಿಲು ಕಣ್ಣಿಗೆ ಪೊರೆಯನ್ನು ತರಬಲ್ಲುದು. ಸೂರ್ಯನನ್ನು ನೇರವಾಗಿ ನೋಡಲೇಬಾರದು. ಓದಿನ ನಡುವೆ ಆಗಾಗ ದೂರಕ್ಕೆ ದೃಷ್ಟಿ ಹಾಯಿಸಬೇಕು.

ಈಗಾಗಲೇ ಕನ್ನಡಕ ಬಂದಿದ್ದರೆ ಬಿಸಿಲಿನಲ್ಲಿ ನಿಂತು ಅದನ್ನು ಬಿಡಿಸಿಕೊಳ್ಳಲಾಗದು, ನಾಚದೆ ಧರಿಸಬೇಕು. ಹೆಚ್ಚು ನಂಬರಿನವರಿಗೆ ಒಮ್ಮೆಲೇ ಮಿಂಚು ಕಂಡರೆ, ಇಲ್ಲವೆ ಪರದೆ ಎಳೆದಂತಾದರೆ, ಅಂದೇ ನೇತ್ರವೈದ್ಯರಲ್ಲಿಗೆ ಹೋಗತಕ್ಕದ್ದು. ರಜೆಗೆ ಬಂದ ಮಗನನ್ನೋ ಮಗಳನ್ನೋ ನಾಳೆ ಹೊಲಕ್ಕೆ ಕರೆದುಕೊಂಡು ಹೋಗಿರಿ. ಕೆಲಸಕ್ಕೂ ಒಂದು ಕೈ ಆದೀತು, ಕಣ್ಣಿಗೂ ಹಿತವಾದೀತು.