ಆಕ್ಸೆಲ್ ಲುಂಡ್ ಸ್ವಿಂಡಾಲ್: ಹಿಮದ ಇಳಿಜಾರಿನಲ್ಲಿ ಬಿದ್ದು ಎದ್ದ ವೀರ



ಚಳಿಗಾಲ ಬಂತೆಂದರೆ ನಮ್ಮ ಮನೆಗಳ ಮಕ್ಕಳು ಗೆಳೆಯರೊಡನೆ ಸ್ಕೀ ಬೆಟ್ಟಗಳಿಗೆ ಹೊರಟುಬಿಡುತ್ತಾರೆ. ಹಿಮವನ್ನೇ ಕಾಣದ ಊರುಗಳಿಂದ ಬಂದ ತಂದೆತಾಯಿಗಳಾದ ನಾವು ಸಂಜೆಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇವೆ. ಆ ಕ್ರೀಡೆಯ ಒಳಹೊರಗನ್ನು ನಾರ್ವೆ ದೇಶದ ಒಬ್ಬ ಶ್ರೇಷ್ಠ ಆಟಗಾರರ ಜೀವನದ ಮೂಲಕ ನಿವೇದಿಸುವುದು ಇಂದಿನ ಉಪನ್ಯಾಸದ ಉದ್ದೇಶ. ವೈದ್ಯರಾದ ನಮಗೆ ಅವರ ಪದಕಗಳಿಗಿಂತ ಅವರ ಗಾಯಗಳ ಚರಿತ್ರೆಯೇ ಹೆಚ್ಚು ಬೋಧಪ್ರದವಾಗಿ ಕಂಡಿತೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಆಕ್ಸೆಲ್ ಲುಂಡ್ ಸ್ವಿಂಡಾಲರು ಜನಿಸಿದ್ದು 1982ರ ಡಿಸೆಂಬರ್ 26ರಂದು, ಓಸ್ಲೋ ನಗರಕ್ಕೆ ಸಮೀಪದ ಲೋರೆನ್‌ಸ್ಕೋಗ್‌ನಲ್ಲಿ. ಸ್ಕೀ ಎಂಬುದು ನಾರ್ವೆಯವರಿಗೆ ಕೇವಲ ಆಟವಲ್ಲ, ಶತಮಾನಗಳ ಕಾಲ ಅವರ ಸಂಚಾರದ ಸಾಧನ. ‘ಸ್ಲಾಲಮ್’ ಎಂಬ ಶಬ್ದವೂ ಅವರ ಭಾಷೆಯದೇ. ಆದರೂ ಕಡಿದಾದ ಬೆಟ್ಟವನ್ನು ನೇರ ಇಳಿಯುವ ‘ಡೌನ್‌ಹಿಲ್’ ಪಂದ್ಯದಲ್ಲಿ ಒಲಿಂಪಿಕ್ ಚಿನ್ನ ಆ ದೇಶಕ್ಕೆ ಬಹುಕಾಲ ದಕ್ಕಿರಲಿಲ್ಲ.

ಆಲ್ಪೈನ್ ಸ್ಕೀಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಪಂದ್ಯಗಳು. ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್‌ಗಳಲ್ಲಿ ತಿರುವುಗಳ ಚಾತುರ್ಯವೇ ಪ್ರಧಾನ. ಸೂಪರ್-ಜಿ ಮತ್ತು ಡೌನ್‌ಹಿಲ್‌ಗಳಲ್ಲಿ ವೇಗ ಪ್ರಧಾನ. ಡೌನ್‌ಹಿಲ್‌ಗೆ ಮುಂಚೆ ಅದೇ ಹಾದಿಯಲ್ಲಿ ಇಳಿದು ಅಭ್ಯಾಸ ಮಾಡಲು ಅವಕಾಶವುಂಟು. ಸೂಪರ್-ಜಿಗೆ ಅದೂ ಇಲ್ಲ. ಪಂದ್ಯದ ಮುನ್ನ ಹಾದಿಯನ್ನು ನಿಧಾನವಾಗಿ ಪರಿಶೀಲಿಸಿ ಮನಸ್ಸಿನಲ್ಲಿ ಅಚ್ಚೊತ್ತಿಕೊಂಡು, ಬಳಿಕ ಒಂದೇ ಬಾರಿಗೆ ಇಳಿಯಬೇಕು. ಗಂಟೆಗೆ 100 ಕಿ.ಮೀ.ಗೂ ಮೀರಿದ ವೇಗ. ಗೆಲುವು ಸೋಲುಗಳ ಅಂತರವನ್ನು ಅಳೆಯುವುದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ. ಸ್ವಿಂಡಾಲರು ವೇಗದ ಪಂದ್ಯಗಳಲ್ಲಿಯೇ ಪ್ರಸಿದ್ಧರಾದರೂ, 2007ರಲ್ಲಿ ಸ್ವೀಡನ್ನಿನ ಓರೆ ಎಂಬಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಡೌನ್‌ಹಿಲ್ ಮತ್ತು ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದರು. ಆ ವರ್ಷದ ಸಮಗ್ರ ವಿಶ್ವಕಪ್ಪೂ ಅವರದಾಯಿತು. ಆಗ ಅವರ ವಯಸ್ಸು 24.

ಅದೇ ವರ್ಷ ನವೆಂಬರ್ 27ರಂದು ಅಮೆರಿಕದ ಕೊಲರಾಡೋ ರಾಜ್ಯದ ಬೀವರ್ ಕ್ರೀಕ್‌ನಲ್ಲಿ, ಡೌನ್‌ಹಿಲ್‌ನ ಅಭ್ಯಾಸದ ಓಟದಲ್ಲಿ, ನೆಗೆತವೊಂದರ ಬಳಿಕ ಅವರು ಆಯ ತಪ್ಪಿ ಬಿದ್ದರು. ಮುಖದ ಎಲುಬುಗಳು ಮುರಿದವು. ತೊಡೆಸಂದು ಮತ್ತು ಹೊಟ್ಟೆಯ ಭಾಗದಲ್ಲಿ ಆಳವಾದ ಗಾಯವಾಯಿತು. ಶರೀರರಚನೆ ಓದಿದವರಿಗೆ ಆ ಜಾಗದ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ. ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳು ಹಾಯ್ದುಹೋಗುವುದು ಅಲ್ಲಿಯೇ. ಆ ಋತುವಿನ ಉಳಿದ ಅವಧಿಯಲ್ಲಿ ಅವರು ಸ್ಪರ್ಧಿಸಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಅದೇ ಬೀವರ್ ಕ್ರೀಕ್‌ಗೆ ಮರಳಿ ಡೌನ್‌ಹಿಲ್ ಮತ್ತು ಸೂಪರ್-ಜಿ ಎರಡನ್ನೂ ಗೆದ್ದರು. ಋತು ಮುಗಿದಾಗ ಆಸ್ಟ್ರಿಯದ ಬೆನ್ಯಾಮಿನ್ ರೈಖ್‌ರಿಗಿಂತ ಕೇವಲ 2 ಅಂಕ ಮುಂದಿದ್ದು, ಸಮಗ್ರ ವಿಶ್ವಕಪ್ಪನ್ನು ಮತ್ತೆ ಎತ್ತಿದರು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಸೂಪರ್-ಜಿಯಲ್ಲಿ ಚಿನ್ನ, ಡೌನ್‌ಹಿಲ್‌ನಲ್ಲಿ ಬೆಳ್ಳಿ, ಜೈಂಟ್ ಸ್ಲಾಲಮ್‌ನಲ್ಲಿ ಕಂಚು ಅವರಿಗೆ ಬಂದವು.

ಗ್ರಹಚಾರದ ಚೇಷ್ಟೆ ನೋಡಿ: ಬೆಟ್ಟಗಳಿಂದ ಉರುಳಿ ಬದುಕಿದ ಈ ಮನುಷ್ಯರು 2014ರ ಅಕ್ಟೋಬರಿನಲ್ಲಿ ಸಮತಟ್ಟಾದ ನೆಲದ ಮೇಲೆ ಫುಟ್‌ಬಾಲ್ ಒದೆಯುತ್ತಿದ್ದಾಗ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು!

2016ರ ಜನವರಿಯದು ಅದಕ್ಕಿಂತ ದೊಡ್ಡ ಪೆಟ್ಟು. ಆಸ್ಟ್ರಿಯದ ಕಿಟ್ಸ್‌ಬ್ಯೂಹೆಲ್‌ನ ಹಾದಿ ಸ್ಕೀ ಲೋಕದಲ್ಲಿ ಅತ್ಯಂತ ಭಯಂಕರವಾದುದೆಂಬ ಹೆಸರು ಪಡೆದಿದೆ. ಹಿಂದಿನ ದಿನ ಅಲ್ಲಿಯ ಸೂಪರ್-ಜಿ ಗೆದ್ದಿದ್ದ ಸ್ವಿಂಡಾಲರು ಡೌನ್‌ಹಿಲ್‌ನಲ್ಲಿ ಬಿದ್ದು, ಬಲ ಮಂಡಿಯ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಮತ್ತು ಮೆನಿಸ್ಕಸ್ ಎರಡೂ ಹರಿದವು. ಇಲ್ಲಿ ತುಸು ವಿವರಣೆ ಅಗತ್ಯ. ತೊಡೆಯ ಎಲುಬಿನ ಕೆಳಗೆ ಮೊಣಕಾಲಿನ ಎಲುಬು ಮುಂದಕ್ಕೆ ಜಾರದಂತೆ ಮಂಡಿಯ ನಡುವೆ ಹಿಡಿದಿಡುವ ಹುರಿಯೇ ಎ.ಸಿ.ಎಲ್. ಕಾಲಿಗೆ ಕಟ್ಟಿದ ಉದ್ದನೆಯ ಸ್ಕೀ ಒಂದು ಸನ್ನೆಗೋಲಿನಂತೆ. ಅದು ತಿರುಚಿಕೊಂಡರೆ ಬಲವೆಲ್ಲ ಬಂದು ಬೀಳುವುದು ಮಂಡಿಯ ಮೇಲೆ. ಪೆಟ್ಟಾದೊಡನೆ ಬೂಟನ್ನು ಬಿಡಿಸುವ ಬೈಂಡಿಂಗ್‌ಗಳು ಸುಧಾರಿಸಿದ ಮೇಲೆ ಮೊಣಕಾಲಿನ ಎಲುಬು ಮುರಿಯುವುದು ಬಹಳ ಇಳಿಯಿತು. ಮಂಡಿಯ ಗಾಯಗಳು ಹಾಗೆ ಇಳಿಯಲಿಲ್ಲ.

ಪೂರ್ತಿ ಹರಿದ ಎ.ಸಿ.ಎಲ್.ಅನ್ನು ಸಾಮಾನ್ಯವಾಗಿ ಹೊಲಿದು ಕೂಡಿಸುವುದಿಲ್ಲ. ರೋಗಿಯದೇ ಬೇರೊಂದು ಸ್ನಾಯುರಜ್ಜುವಿನ ತುಂಡನ್ನು ತೆಗೆದು ಅಲ್ಲಿ ನಾಟಿ ಮಾಡುತ್ತೇವೆ. ನಾಟಿ ಮಾಡಿದ್ದು ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವ ಬದಲು ಸಡಿಲವಾಗುತ್ತದೆ. ಹೊಸ ರಕ್ತನಾಳಗಳು ಹಬ್ಬಿದ ಮೇಲೆಯೇ ನಿಧಾನವಾಗಿ ಬಲಗೊಳ್ಳುತ್ತದೆ. ನೋವು ಮಾತ್ರ ಬಹಳ ಬೇಗ ಹೋಗಿಬಿಡುತ್ತದೆ. ಅಪಾಯವಿರುವುದು ಈ ಅಂತರದಲ್ಲಿಯೇ. ‘ಡಾಕ್ಟರೆ, ಮಗ ಚೆನ್ನಾಗಿ ಓಡಾಡುತ್ತಾನೆ, ಮುಂದಿನ ತಿಂಗಳು ಪಂದ್ಯವಿದೆ’ ಎಂದು ಹೇಳುವ ತಂದೆಯರನ್ನು ನಾವು ಕಂಡಿದ್ದೇವೆ. ಮಂಡಿಯನ್ನು ತಿರುಚುವ ಆಟಗಳಿಗೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಬೇಕು, ಮಾಂಸಖಂಡಗಳ ಬಲದ ಪರೀಕ್ಷೆಯಲ್ಲಿ ತೇರ್ಗಡೆಯೂ ಆಗಬೇಕು. ಸ್ವಿಂಡಾಲರು ಸ್ಪರ್ಧೆಗೆ ಮರಳಿದ್ದು ಸುಮಾರು ಹತ್ತು ತಿಂಗಳ ಬಳಿಕ, 2016ರ ಡಿಸೆಂಬರಿನಲ್ಲಿ. ಆದರೂ ಮಂಡಿ ಸಹಕರಿಸಲಿಲ್ಲ; 2017ರ ಜನವರಿಯಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತೊಂದು ಋತು ನಷ್ಟ.

ಇಷ್ಟಾದ ಮೇಲೆ 2018ರ ಫೆಬ್ರವರಿ 15. ದಕ್ಷಿಣ ಕೊರಿಯದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಡೌನ್‌ಹಿಲ್. 35 ವರ್ಷದ ಸ್ವಿಂಡಾಲರು 1 ನಿಮಿಷ 40.25 ಸೆಕೆಂಡಿನಲ್ಲಿ ಇಳಿದರು. ತಂಡದ ಒಡನಾಡಿ ಷೆಟಿಲ್ ಯಾನ್ಸ್ರೂಡ್ 0.12 ಸೆಕೆಂಡಿನಿಂದ ಎರಡನೆಯವರಾದರು. ಡೌನ್‌ಹಿಲ್‌ನಲ್ಲಿ ನಾರ್ವೆಗೆ ಅದು ಮೊಟ್ಟಮೊದಲ ಒಲಿಂಪಿಕ್ ಚಿನ್ನ. ಆಲ್ಪೈನ್ ಸ್ಕೀಯಲ್ಲಿ ಅಷ್ಟು ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು ಅಂದಿನವರೆಗೆ ಬೇರಾರೂ ಇರಲಿಲ್ಲ.

ಅಸ್ಥಿರಜ್ಜುವನ್ನು ನಾಟಿ ಮಾಡಬಹುದು. ಎಲುಬಿನ ತುದಿಯ ನುಣುಪಾದ ಮೃದ್ವಸ್ಥಿ ಸವೆದರೆ ಮೊದಲಿನಂತೆ ಬೆಳೆಸಿಕೊಡುವ ವಿದ್ಯೆ ನಮ್ಮ ಕೈಯಲ್ಲಿಲ್ಲ. 2019ರ ಜನವರಿಯಲ್ಲಿ ಅವರು ನಿವೃತ್ತಿಯನ್ನು ಘೋಷಿಸಿದರು. ಫೆಬ್ರವರಿ 9ರಂದು ಓರೆಯಲ್ಲಿ ಕೊನೆಯ ಓಟ. ಯಾನ್ಸ್ರೂಡ್ ಗೆದ್ದರು, ಸ್ವಿಂಡಾಲರು ಬೆಳ್ಳಿ ಪಡೆದರು, ಅಂತರ 0.02 ಸೆಕೆಂಡು. ಒಟ್ಟು 36 ವಿಶ್ವಕಪ್ ಗೆಲುವುಗಳು, ಐದು ವಿಶ್ವ ಚಾಂಪಿಯನ್ ಪಟ್ಟಗಳು. ಇನ್ನೂ ಗೆಲ್ಲಬಲ್ಲ ಸ್ಥಿತಿಯಲ್ಲಿರುವಾಗಲೇ ಮಂಡಿಯ ಮಾತು ಕೇಳಿ ನಿಂತದ್ದು, ನಮ್ಮ ದೃಷ್ಟಿಯಲ್ಲಿ, ಮರಳಿ ಬಂದದ್ದಕ್ಕಿಂತ ಕಷ್ಟದ ಕೆಲಸ.

ಕೊನೆಯದಾಗಿ ಪದಕಕ್ಕೆ ಸಂಬಂಧವಿಲ್ಲದ ಒಂದು ಸಂಗತಿ. 2022ರಲ್ಲಿ ಸ್ವಿಂಡಾಲರು ತಮಗೆ ವೃಷಣದ ಕ್ಯಾನ್ಸರ್ ಆಗಿತ್ತೆಂದು ಸಾರ್ವಜನಿಕವಾಗಿ ತಿಳಿಸಿದರು. ದೇಹದಲ್ಲಿ ಏನೋ ವ್ಯತ್ಯಾಸವಿದೆ ಎಂದು ಅನಿಸಿದೊಡನೆ ಅವರು ವೈದ್ಯರಲ್ಲಿಗೆ ಹೋಗಿದ್ದರು. ಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆ ಬೇಗನೆ ಮುಗಿದು, ಗುಣವಾಗುವ ಭರವಸೆಯೂ ದೊರೆಯಿತು. ಈ ರೋಗ ಹೆಚ್ಚಾಗಿ ಬರುವುದು ಹದಿನೈದರಿಂದ ನಲವತ್ತರ ನಡುವಿನ ಪ್ರಾಯದವರಿಗೆ, ಅಂದರೆ ನಮ್ಮ ಕಾಲೇಜು ಓದುವ ಮಕ್ಕಳಿಗೂ. ಬಹುತೇಕ ನೋವಿಲ್ಲದ ಗಂಟಾಗಿ, ಇಲ್ಲವೆ ಒಂದು ಬಗೆಯ ಭಾರವಾಗಿ ಕಾಣಿಸಿಕೊಳ್ಳುತ್ತದೆ. ಬೇಗ ಪತ್ತೆಯಾದರೆ ಬಹುಪಾಲು ಪೂರ್ಣ ಗುಣವಾಗುತ್ತದೆ. ನಮ್ಮ ಜನ ಸಂಕೋಚದಿಂದ ಇದನ್ನು ಹೆಂಡತಿಗೂ ಹೇಳುವುದಿಲ್ಲ, ಮಗನಿಗೆ ಎಚ್ಚರಿಸುವುದಂತೂ ದೂರದ ಮಾತು. ಬೇಕಾಗುವ ಮೊದಲ ಪರೀಕ್ಷೆ ಒಂದು ಅಲ್ಟ್ರಾಸೌಂಡ್. ಕೆಲವು ನಿಮಿಷಗಳ ಕೆಲಸ, ನೋವಿಲ್ಲ. ಸಭೆಯಲ್ಲಿ ಕೇಳಲು ನಾಚಿಕೆಯಾದವರು ಊಟದ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಬಂದು ಕೇಳಬಹುದು. ನಾವು ಇಲ್ಲಿಯೇ ಇರುತ್ತೇವೆ.