ಒಡೆಯನನ್ನೇ ಹೊರಗಿಡುವ ಬೀಗ

ಬೀಗವೆಂಬುದು ಕಳ್ಳನ ಭಯದಿಂದ ಹುಟ್ಟಿದ ವಸ್ತು. ಅಂಥ ಬೀಗವನ್ನು ಕಳ್ಳನೇ ತಂದು ನಮ್ಮ ಮನೆಯ ಬಾಗಿಲಿಗೆ ಜಡಿದು, “ಬೀಗದ ಕೈ ಬೇಕಾದರೆ ಹಣ ಕೊಡಿ” ಎಂದು ಜಗಲಿಯ ಮೇಲೆ ಕುಳಿತರೆ ಹೇಗಿದ್ದೀತು? ಒಳಗಿನ ಒಂದು ಲೋಟವೂ ಕಳವಾಗಿಲ್ಲ; ಆದರೂ ಯಾವುದೂ ನಮ್ಮ ಕೈಗೆ ಸಿಗುವಂತಿಲ್ಲ. ಕಂಪ್ಯೂಟರುಗಳ ಲೋಕದಲ್ಲಿ ಈ ಬಗೆಯ ಸುಲಿಗೆಗೆ ‘ರ್‍ಯಾನ್ಸಮ್‌ವೇರ್’ ಎಂದು ಹೆಸರು.

ಇದರ ಮೂಲವನ್ನು ಅರಸುತ್ತ ಹೋದರೆ 1989ನೆಯ ಇಸವಿಯನ್ನು ತಲಪುತ್ತೇವೆ. ಆ ವರ್ಷದ ಡಿಸೆಂಬರಿನಲ್ಲಿ ಸುಮಾರು 20,000 ಫ್ಲಾಪಿಗಳು ಅಂಚೆಯ ಮೂಲಕ ಹಲವು ದೇಶಗಳಿಗೆ ಹೋದವು. ಏಡ್ಸ್ ರೋಗದ ಬಗೆಗೆ ತಿಳಿವಳಿಕೆ ಕೊಡುವುದಾಗಿ ಹೇಳಿಕೊಂಡಿದ್ದ ಆ ಫ್ಲಾಪಿಯಲ್ಲಿ ಮೊದಮೊದಲು ಯಾವ ಕೇಡೂ ಕಾಣಲಿಲ್ಲ. ಯಂತ್ರವನ್ನು ಸುಮಾರು 90 ಸಲ ಚಾಲೂ ಮಾಡಿದ ಮೇಲೆ ಕಡತಗಳ ಹೆಸರುಗಳೆಲ್ಲ ಗೂಢಲಿಪಿಯಾಗಿ ಮಾರ್ಪಟ್ಟು, ಪನಾಮಾ ದೇಶದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರು ಕಳುಹಿಸಬೇಕೆಂಬ ಆಜ್ಞೆ ಮೂಡಿತು. ಆದರೆ ಈ ಬೀಗದಲ್ಲಿ ಒಂದು ಕುಂದಿದ್ದಿತು. ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಕೈ! ತಜ್ಞರು ಅದನ್ನು ಪತ್ತೆಹಚ್ಚಿ ಕಡತಗಳನ್ನು ಬಿಡಿಸಿಕೊಟ್ಟರು.

ಈ ಕುಂದು ಬಹುಕಾಲ ಉಳಿಯಲಾರದೆಂದು ಆಡಂ ಯಂಗ್ ಮತ್ತು ಮೋಟಿ ಯುಂಗ್ ಎಂಬ ವಿದ್ವಾಂಸರಿಬ್ಬರು 1996ರಲ್ಲಿಯೇ ಎಚ್ಚರಿಸಿದರು. ಹಾಕುವ ಕೈ ಒಂದು, ತೆಗೆಯುವ ಕೈ ಮತ್ತೊಂದು ಆಗಿರುವ ಗೂಢಲಿಪಿಯ ಪದ್ಧತಿ 1970ರ ದಶಕದಲ್ಲಿಯೇ ಬೆಳಕಿಗೆ ಬಂದಿದ್ದಿತು. ಕೇಡಿನ ಪ್ರೋಗ್ರಾಮು ಹಾಕುವ ಕೈಯನ್ನಷ್ಟೇ ಹೊತ್ತು ಯಂತ್ರವನ್ನು ಹೊಕ್ಕರೆ, ತೆಗೆಯುವ ಕೈ ದುಷ್ಟನ ಬಳಿಯಲ್ಲಿಯೇ ಉಳಿಯುತ್ತದೆ. ಯಂತ್ರವನ್ನು ಎಷ್ಟು ಜಾಲಾಡಿದರೂ ಅದು ಸಿಗದು. ನಮ್ಮ ಬ್ಯಾಂಕಿನ ವ್ಯವಹಾರವನ್ನು ಗುಟ್ಟಾಗಿ ಕಾಯುತ್ತಿರುವುದೂ ಇದೇ ವಿದ್ಯೆ. ವಿದ್ಯೆಯಲ್ಲಿ ದೋಷವಿಲ್ಲ, ಅದು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಈ ಎಚ್ಚರಿಕೆ ಎಷ್ಟು ಸತ್ಯವೆಂಬುದನ್ನು 2017ರ ಮೇ 12ರಂದು ಜಗತ್ತು ಕಂಡಿತು. ‘ವಾನಕ್ರೈ’ ಎಂಬ ಪಿಡುಗು ಯಾರ ಅಪ್ಪಣೆಯನ್ನೂ ಕಾಯದೆ ಯಂತ್ರದಿಂದ ಯಂತ್ರಕ್ಕೆ ಹರಿದು, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ 2,00,000ಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಕೇಳಿದ ಹಣ 300 ಡಾಲರು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆಗಳೇ ತೆರೆಯದಾದವು; ಕೆಲವೆಡೆ ಆಂಬುಲೆನ್ಸುಗಳನ್ನು ಬೇರೆ ಆಸ್ಪತ್ರೆಗಳಿಗೆ ತಿರುಗಿಸಬೇಕಾಯಿತು. ರದ್ದಾದ ಭೇಟಿಗಳು 19,000ಕ್ಕೂ ಹೆಚ್ಚೆಂದು ಅಂದಾಜು. ಮಾರ್ಕಸ್ ಹಚಿನ್ಸ್ ಎಂಬ 22 ವರ್ಷದ ತರುಣನು, ಆ ಪ್ರೋಗ್ರಾಮು ಇಂಟರ್ನೆಟ್ಟಿನಲ್ಲಿ ಯಾರದೂ ಅಲ್ಲದ ಒಂದು ವಿಳಾಸವನ್ನು ಹುಡುಕುತ್ತಿದ್ದುದನ್ನು ಗಮನಿಸಿ, ಅದನ್ನು ತನ್ನ ಹೆಸರಿಗೆ ಕೊಂಡನು. ವಿಳಾಸದಿಂದ ಉತ್ತರ ಬಂದೊಡನೆ ಪಿಡುಗಿನ ಓಟ ನಿಂತಿತು!

ವಿಷಾದದ ಸಂಗತಿಯೆಂದರೆ, ಅದು ನುಸುಳಿ ಬಂದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ 14ರಂದೇ ಹೊರಡಿಸಿದ್ದಿತು. ಎರಡು ತಿಂಗಳಾದರೂ ಎಷ್ಟೋ ಕಚೇರಿಗಳು ಅದನ್ನು ಅಳವಡಿಸಿಕೊಂಡಿರಲಿಲ್ಲ.

ಮರುತಿಂಗಳು ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ಇನ್ನೊಂದು ಪಿಡುಗು ಡೆನ್ಮಾರ್ಕಿನ ಮರ್ಸ್ಕ್ ಎಂಬ ಹಡಗಿನ ಸಂಸ್ಥೆಯನ್ನು ಹೊಕ್ಕಿತು. ಇದು ಹಣವನ್ನೇನೋ ಕೇಳಿತು. ಆದರೆ ಹಣ ತೆತ್ತವರಿಗೆ ಕೊಡಲು ಬೀಗದ ಕೈಯೇ ಇದರ ಬಳಿ ಇರಲಿಲ್ಲ. ಯಾವ ಯಂತ್ರವನ್ನು ಯಾರು ಬಳಸಬಹುದೆಂಬ ಸಂಸ್ಥೆಯ ಮುಖ್ಯ ಪಟ್ಟಿಯ ಪ್ರತಿಗಳೆಲ್ಲ ಹಾಳಾದವು. ಉಳಿದದ್ದು ಘಾನಾ ದೇಶದ ಕಚೇರಿಯಲ್ಲಿದ್ದ ಒಂದೇ ಪ್ರತಿ. ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ, ಯಂತ್ರ ಜಾಲದಿಂದ ಕಳಚಿಕೊಂಡಿದ್ದಿತು! ಅದನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ತರಿಸಿಯೇ ಸಂಸ್ಥೆ ತನ್ನ ವ್ಯವಸ್ಥೆಯನ್ನು ಮರಳಿ ಕಟ್ಟಿತು.

ಇದು ಪರದೇಶದವರ ಪಾಡೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯೇ ಇಂಥ ದಾಳಿಗೆ ತುತ್ತಾಗಿ, ಕೆಲವು ದಿನ ಕೈಬರಹದಲ್ಲಿ ಕೆಲಸ ಸಾಗಿಸಬೇಕಾಯಿತು.

ಘಾನಾದಲ್ಲಿ ಆಕಸ್ಮಿಕವಾಗಿ ಒದಗಿದ ರಕ್ಷಣೆಯನ್ನು ನಾವು ಮನೆಯಲ್ಲಿ ಬೇಕೆಂದೇ ಮಾಡಿಕೊಳ್ಳಬಹುದು. ಮದುವೆಯ ಚಿತ್ರಗಳು, ಮಕ್ಕಳ ಅಂಕಪಟ್ಟಿ, ಮನೆಯ ಕಾಗದಪತ್ರ—ಇವುಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಳಿಸಿ, ಕೆಲಸ ಮುಗಿದೊಡನೆ ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಡಬೇಕು; ಚುಚ್ಚಿಯೇ ಬಿಟ್ಟ ಡಿಸ್ಕಿಗೂ ಕಳ್ಳನ ಬೀಗ ಬಿದ್ದೀತು. ತಿದ್ದುಪಡಿ ಬಂದಾಗ “ನಾಳೆ ನೋಡೋಣ” ಎನ್ನದೆ ಅಂದೇ ಅಳವಡಿಸಬೇಕು. ಅಪರಿಚಿತರ ಪತ್ರದೊಡನೆ ಬಂದ ಕಡತವನ್ನು ತೆರೆಯಬಾರದು. ಇಷ್ಟಾಗಿಯೂ ಸಿಕ್ಕಿಬಿದ್ದರೆ, ಮೊದಲು ಯಂತ್ರವನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿ, 1930 ಎಂಬ ಸರಕಾರಿ ಸಹಾಯವಾಣಿಗೆ ತಿಳಿಸಬೇಕು. ಹಣ ತೆತ್ತರೆ ಬೀಗ ತೆರೆದೀತೆಂಬ ಭರವಸೆ ಯಾರಿಗೂ ಇಲ್ಲ. ಬೀರುವಿನಲ್ಲಿ ಪ್ರತಿಯಿದ್ದವರಿಗೆ ಆ ಭರವಸೆಯ ಹಂಗೂ ಇಲ್ಲ.