ವಿಡಿಯೋ ಗೇಮ್ ಲೋಡಿಂಗ್ ಸಮಯ

ವಿಡಿಯೋ ಗೇಮ್‌ನ ಲೋಡಿಂಗ್ ಸಮಯವೆಂದರೆ ಆಟದ ದತ್ತಾಂಶವು ಸಂಗ್ರಹ ಸಾಧನದಿಂದ ರ‍್ಯಾಮ್‌ಗೆ ಬಂದು, ಆಡಲು ಸಿದ್ಧವಾಗುವವರೆಗೆ ಹಿಡಿಯುವ ಕಾಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100–200 ಮೆಗಾಬೈಟ್ ಓದಿದರೆ, 2020ರಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 5ರ ಎಸ್‌ಎಸ್‌ಡಿ 5.5 ಗಿಗಾಬೈಟ್ ಓದಬಲ್ಲದು. ಆದರೆ ಲೋಡಿಂಗ್ ಸಮಯ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಓದಿದ ದತ್ತಾಂಶವನ್ನು ವಿಶ್ಲೇಷಿಸಿ ಜೋಡಿಸುವ ಕೆಲಸ ಪ್ರೊಸೆಸರ್‌ನದು. ಆನ್‌ಲೈನ್ ಆಟಗಳಲ್ಲಿ ಸರ್ವರ್‌ನ ಉತ್ತರಕ್ಕೂ ಕಾಯಬೇಕಾಗುತ್ತದೆ.

ಇದಕ್ಕೆ ಸ್ಪಷ್ಟ ನಿದರ್ಶನ ರಾಕ್‌ಸ್ಟಾರ್ ಗೇಮ್ಸ್‌ನ ಜಿಟಿಎ ಆನ್‌ಲೈನ್. ಬೆಂಗಳೂರಿನಲ್ಲಿಯೂ ಸ್ಟುಡಿಯೋ ಹೊಂದಿರುವ ಈ ಸಂಸ್ಥೆಯು, ನಗರದಲ್ಲಿ 1997ರಲ್ಲಿ ಆರಂಭವಾಗಿದ್ದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ಕೊಂಡಿತು. ಆಟದ ಪಿಸಿ ಆವೃತ್ತಿ ತೆರೆದುಕೊಳ್ಳಲು ಹಲವು ನಿಮಿಷ ಬೇಕಾಗುತ್ತಿತ್ತು. 2021ರಲ್ಲಿ ಹೊರಗಿನ ಪ್ರೋಗ್ರಾಮರ್ ಒಬ್ಬರು ಪರಿಶೀಲಿಸಿದಾಗ ಕಾರಣ ಡಿಸ್ಕ್ ಅಲ್ಲವೆಂದು ತಿಳಿಯಿತು. ಸುಮಾರು 63,000 ನಮೂದುಗಳಿದ್ದ, ಕೇವಲ 10 ಮೆಗಾಬೈಟ್ ಗಾತ್ರದ ಪಟ್ಟಿಯೊಂದರಲ್ಲಿ ಪ್ರತಿ ಅಂಶವನ್ನು ಓದುವಾಗಲೂ ತಂತ್ರಾಂಶವು ಉಳಿದ ಪಠ್ಯದ ಉದ್ದವನ್ನೆಲ್ಲ ಮತ್ತೆ ಅಳೆಯುತ್ತಿತ್ತು. ಪ್ರತಿ ಹೊಸ ನಮೂದನ್ನು ಹಿಂದಿನವುಗಳೊಂದಿಗೆ ಒಂದೊಂದಾಗಿ ಹೋಲಿಸುತ್ತಿತ್ತು. ಇವನ್ನು ಸರಿಪಡಿಸಿದಾಗ ಅವರ ಕಂಪ್ಯೂಟರಿನಲ್ಲಿ ಸುಮಾರು 6 ನಿಮಿಷವಿದ್ದ ಲೋಡಿಂಗ್ ಸಮಯ 2 ನಿಮಿಷಕ್ಕಿಂತ ಕೆಳಗಿಳಿಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ರಾಕ್‌ಸ್ಟಾರ್ ಈ ತಿದ್ದುಪಡಿಯನ್ನು ಆಟಗಾರರೆಲ್ಲರಿಗೂ ಒದಗಿಸಿತು.